ತಲಾಟಿ ಕೇಳುತ್ತಿದ್ದ ಪ್ರಶ್ನೆ, ಪರದೆ ಕೇಳುವ ಪ್ರಶ್ನೆ

1956ರವರೆಗೆ ನಮ್ಮ ವಿಜಯಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಹೊಲದ ಹಕ್ಕು ಗ್ರಾಮ ನಮೂನೆ 7ರಲ್ಲಿ, ಬೆಳೆ 12ರಲ್ಲಿ. 1964ರ ಭೂ ಕಂದಾಯ ಕಾಯ್ದೆ, 1966ರ ನಿಯಮಗಳು ಬಂದ ಮೇಲೆ ಎರಡೂ ನಮೂನೆ 16ರ ಒಂದೇ ಹಾಳೆಗೆ, ಅಂದರೆ ಪಹಣಿಗೆ, ಸೇರಿದವು: 9ನೇ ಕಾಲಂನಲ್ಲಿ ಮಾಲೀಕ, 11ರಲ್ಲಿ ಸಾಲ-ಋಣ, 12ರಲ್ಲಿ ಸಾಗುವಳಿ. ಹೊಲದಲ್ಲಿ ಬಾವಿ ಇರಲಿ ಬಿಡಲಿ, ಹಾಳೆಯಲ್ಲಿ ಎಲ್ಲರಿಗೂ ಅವೇ ಮನೆಗಳು. ಬೇಡವಾದ ಮನೆಗೆ ತಲಾಟಿ (ಗ್ರಾಮ ಲೆಕ್ಕಿಗ) ಗೆರೆ ಎಳೆಯುತ್ತಿದ್ದ. ಯಾರಿಗೆ ಏನು ಕೇಳಬೇಕು, ಏನು ಬಿಡಬೇಕು ಎಂಬ ತಿಳಿವಳಿಕೆ ಅವನ ತಲೆಯಲ್ಲಿತ್ತು, ಹಾಳೆಯಲ್ಲಿ ಇರಲಿಲ್ಲ.

ಆ ತಿಳಿವಳಿಕೆಯನ್ನು ನಮೂನೆಗೇ ಕಲಿಸುವ ಕೆಲಸ ಕಂಪ್ಯೂಟರ್ ಬಂದ ಮೇಲೆ ಸುಲಭವಾಯಿತು. ತುಂಬಿದ ಉತ್ತರ ನೋಡಿ ಮುಂದಿನ ಪ್ರಶ್ನೆ ತೆರೆಯುವ, ಬೇಡದ್ದನ್ನು ಮುಚ್ಚುವ ಫಾರ್ಮುಗಳಿಗೆ ‘ಎಕ್ಸ್‌ಫಾರ್ಮ್ಸ್’ ಎಂಬ ಮಾನದಂಡವನ್ನು ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2003ರಲ್ಲಿ ಹೊರತಂದಿತು. ಅಷ್ಟೊತ್ತಿಗೆ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ‘ಭೂಮಿ’ ಯೋಜನೆ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತ್ತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲೇ ಪ್ರಿಂಟು ಸಿಗುತ್ತಿತ್ತು.

ವಿಜಯಪುರದಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವುದು ನನ್ನ ಉದ್ಯೋಗ. ದಿನಾ ಪಹಣಿ ಹುಡುಕುವ ಪರದೆಯ ಮುಂದೆಯೇ ಕೂತಿರುತ್ತೇನೆ. ಜಿಲ್ಲೆ ಆರಿಸಿದರೆ ತಾಲ್ಲೂಕು ತೆರೆಯುತ್ತದೆ, ತಾಲ್ಲೂಕು ಆರಿಸಿದರೆ ಹೋಬಳಿ, ಆಮೇಲೆ ಊರು. ಸರ್ವೆ ನಂಬರ್ ಹಾಕಿದ ಮೇಲಷ್ಟೇ ಹಿಸ್ಸಾಗಳ ಪಟ್ಟಿ: 1, 2ಎ, 2ಬಿ, 3. ಒಂದು ಮನೆತನದ ಅಣ್ಣ-ತಮ್ಮಂದಿರ ವಾಟ್ನಿಯೆಲ್ಲ ಆ ಪಟ್ಟಿಯಲ್ಲಿದೆ. ಮಮದಾಪುರದಿಂದ ಬಂದ ಹಿರಿಯರೊಬ್ಬರಿಗೆ ಸರ್ವೆ ನಂಬರ್ ಬಾಯಿಪಾಠ, ಹಿಸ್ಸಾ ಮಾತ್ರ ನೆನಪಿರಲಿಲ್ಲ. ‘ಕಾಕಾ, ನಿಮ್ಮ ಪಾಲು ಎಷ್ಟ್ ಎಕರೆ?’ ಎಂದೆ. ‘ನಾಕ್ ಎಕರೆ ಹನ್ನೊಂದ್ ಗುಂಟೆ ನೋಡವಾ ತಂಗಿ’ ಎಂದರು. ಒಂದೊಂದೇ ಹಿಸ್ಸಾ ತೆಗೆದು ಹುಡುಕಿದೆವು. ವಿಸ್ತೀರ್ಣ ಹಾಕಿ ಹುಡುಕಲು ಅಲ್ಲೊಂದು ಮನೆ ಇರಬೇಕು ಎಂದು ನನಗೆ ಅವತ್ತು ಬಲವಾಗಿ ಅನಿಸಿತು. ರೈತ ತನ್ನ ಹೊಲವನ್ನು ಹೇಳುವುದೇ ಎಕರೆ-ಗುಂಟೆಯಲ್ಲಿ.

ತಿಕೋಟಾ, ಬಬಲೇಶ್ವರ ಎರಡೂ ವಿಜಯಪುರ ತಾಲ್ಲೂಕಿನ ಹೋಬಳಿಗಳಾಗಿದ್ದವು. 2017ರ ಬಜೆಟ್‌ನಲ್ಲಿ ಹೊಸ ತಾಲ್ಲೂಕುಗಳೆಂದು ಘೋಷಣೆಯಾದವು. ಪರದೆಯಲ್ಲಿ ಎರಡು ಹೆಸರು ಒಂದು ಮನೆ ಮೇಲೇರಿದವು, ಅಷ್ಟೇ. ಆದರೆ ಹೊಸ ತಾಲ್ಲೂಕಿಗೆ ಸೇರಿದ ಬಿಜ್ಜರಗಿಯವರು ಹಳೆಯ ರೂಢಿಯಂತೆ ‘ಬಿಜಾಪುರ ತಾಲೂಕ’ ಎಂದರೆ ಅದರಡಿ ಅವರ ಊರೇ ಕಾಣಿಸುವುದಿಲ್ಲ. ಮೇಲಿನ ಉತ್ತರ ತಪ್ಪಿದರೆ ಕೆಳಗಿನ ಬಾಗಿಲುಗಳೆಲ್ಲ ಮುಚ್ಚುತ್ತವೆ, ಯಾಕೆ ಮುಚ್ಚಿದವೆಂದು ಹೇಳುವವರಿಲ್ಲ. ಊರಿನ ಹೆಸರನ್ನೇ ಮೊದಲು ಕೇಳಿ, ತಾಲ್ಲೂಕನ್ನು ಯಂತ್ರವೇ ತೋರಿಸಿದರೆ ಈ ಕಷ್ಟ ಇಲ್ಲ.

2020ರ ಮುಂಗಾರಿನಲ್ಲಿ ಬೆಳೆ ಸಮೀಕ್ಷೆಯ ಆ್ಯಪ್ ರೈತರ ಕೈಗೇ ಬಂತು. ಹೊಲದಲ್ಲಿ ನಿಂತು ಬೆಳೆ ಆರಿಸಿ ಫೋಟೊ ತೆಗೆಯಬೇಕು. ತಿಕೋಟಾದ ದ್ರಾಕ್ಷಿ ತೋಟದವರಿಗೆ ಇದು ಸರಳ, ಇಡೀ ಪಡಕ್ಕೆ ಒಂದೇ ಬೆಳೆ. ತೊಗರಿಯ ನಡುವೆ ಅಕ್ಕಡಿ ಸಾಲು ಹಾಕುವ ಒಣಬೇಸಾಯದವರಿಗೇ ತೊಡಕು: ಒಂದೇ ಬೆಳೆ ಎಂದು ಒತ್ತಿಬಿಟ್ಟರೆ ಎರಡನೆಯದು ಲೆಕ್ಕಕ್ಕೇ ಸಿಗುವುದಿಲ್ಲ. ‘ಸಾಲಿನ ನಡುವೆ ಮತ್ತೇನು ಹಾಕೀರಿ?’ ಎಂದು ಕೇಳಿದರೆ ಯಾವ ರೈತನೂ ತಪ್ಪು ಹೇಳುವುದಿಲ್ಲ. ಫಾರ್ಮು ಕಟ್ಟುವವರು ಇಂಥ ಪ್ರಶ್ನೆಗಳನ್ನು ಬಬಲೇಶ್ವರದ ಹೊಲದ ಬದುವಿನ ಮೇಲೆ ಕೂತು ಬರೆದುಕೊಳ್ಳಬೇಕು, ಬಿತ್ತನೆ ಮುಗಿಯುವ ಮೊದಲೇ.