ಆಟದ ಲಾರಿಯೊಳಗಿನ ಚರಿತ್ರೆ

ಕೈಯಲ್ಲಿ ಹಿಡಿದ ಪುಟ್ಟ ಪೆಟ್ಟಿಗೆಯ ಕಡ್ಡಿಯನ್ನು ತುಸು ಅಲುಗಿಸಿದರೆ ಅಂಗಳದ ಆ ತುದಿಯಲ್ಲಿರುವ ಆಟದ ಲಾರಿ ಹೊರಡುತ್ತದೆ, ತಿರುಗುತ್ತದೆ, ನಿಲ್ಲುತ್ತದೆ. ನಡುವೆ ದಾರವಿಲ್ಲ, ತಂತಿಯಿಲ್ಲ. ಇಂದಿನ ಮಕ್ಕಳಿಗೆ ಇದೊಂದು ಸೋಜಿಗವೇ ಅಲ್ಲ. ಆದರೆ ಅಂಗಡಿಯಿಂದ ಸಿದ್ಧವಾಗಿ ಬರುವ ಆಟಿಕೆಯನ್ನು ಕುರಿತು ನಾನು ಬರೆಯುತ್ತಿಲ್ಲ. ಚಾಸಿ, ಗೇರು, ಮೋಟಾರು, ಚಕ್ರಗಳನ್ನು ಬಿಡಿಬಿಡಿಯಾಗಿ ತರಿಸಿಕೊಂಡು, ತಿಂಗಳುಗಟ್ಟಲೆ ಕುಳಿತು ಜೋಡಿಸಿ, ತನ್ನ ಮನಸ್ಸಿಗೆ ಒಪ್ಪುವಂತೆ ಬಣ್ಣ ಹಚ್ಚಿ ಓಡಿಸುವ ಹವ್ಯಾಸವೊಂದಿದೆ. ಅದನ್ನು ಕಂಡವರು ಮೊದಲು ಕೇಳುವ ಪ್ರಶ್ನೆ ‘ಇದರಿಂದ ಏನು ಪ್ರಯೋಜನ?’ ಎಂದು. ಈ ಪ್ರಶ್ನೆಗೆ ಚರಿತ್ರೆಯಲ್ಲಿ ಒಂದು ವಿಚಿತ್ರವಾದ ಉತ್ತರವಿದೆ.

1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಕೋಲಾ ಟೆಸ್ಲಾ ನೀರಿನ ತೊಟ್ಟಿಯಲ್ಲೊಂದು ಪುಟ್ಟ ದೋಣಿಯನ್ನು ಬಿಟ್ಟು, ಅದನ್ನು ದೂರದಿಂದಲೇ ನಡೆಸಿ ತೋರಿಸಿದರು. ಆ ದೋಣಿಯೊಳಗೆ ಲೋಹದ ಪುಡಿ ತುಂಬಿದ ಒಂದು ಸಣ್ಣ ಪಾತ್ರೆಯಿತ್ತು. ರೇಡಿಯೊ ಅಲೆ ತಾಗಿದೊಡನೆ ಪುಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ವಿದ್ಯುತ್ತಿಗೆ ದಾರಿಯಾಗುತ್ತಿದ್ದವು. ಮುಂದಿನ ಆಜ್ಞೆಗೆ ಮೊದಲು ಪಾತ್ರೆ ಮಗುಚಿಕೊಂಡು ಅವನ್ನು ಸಡಿಲಗೊಳಿಸುತ್ತಿತ್ತು. ಟೆಸ್ಲಾ ವಿನೋದಪ್ರಿಯರೂ ಹೌದು. 64ರ ಘನಮೂಲವೆಷ್ಟೆಂದು ದೋಣಿಯನ್ನು ಕೇಳಿದಾಗ ಅದರ ದೀಪಗಳು ನಾಲ್ಕು ಬಾರಿ ಮಿನುಗಿದವಂತೆ. (ಗಣಿತದ ಮೇಷ್ಟ್ರಿಗೆ ಇಂಥದೊಂದು ದೋಣಿ ಸಿಕ್ಕಿದ್ದರೆ!) ಇದಕ್ಕೆ ಮೂರು ನಾಲ್ಕು ವರ್ಷ ಮೊದಲೇ ನಮ್ಮ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಗೋಡೆಯಾಚೆಗೆ ಅಲೆಗಳನ್ನು ಕಳುಹಿಸಿ ಗಂಟೆ ಬಾರಿಸಿದ್ದರು, ಮದ್ದಿನ ಪುಡಿ ಹೊತ್ತಿಸಿದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು. ಆದರೆ ಒಂದು ವಾಹನವನ್ನು ದೂರದಿಂದ ನಡೆಸುವ ಪೇಟೆಂಟು ದೊರೆತದ್ದು ಟೆಸ್ಲಾ ಅವರಿಗೆ, ಅದೇ ವರ್ಷದ ನವೆಂಬರ್ 8ರಂದು. ಅವರು ಅದನ್ನು ಆಟಕ್ಕೆಂದು ಮಾಡಿರಲಿಲ್ಲ. ಸ್ಫೋಟಕ ತುಂಬಿ ಶತ್ರುನೌಕೆಯತ್ತ ಕಳುಹಿಸಬಲ್ಲ ಇಂಥ ದೋಣಿಗಳಿದ್ದರೆ ಯುದ್ಧಗಳೇ ನಿಂತುಹೋಗುತ್ತವೆ ಎಂಬುದು ಅವರ ನಂಬಿಕೆಯಾಗಿತ್ತು. ಯುದ್ಧಗಳು ನಿಲ್ಲಲಿಲ್ಲ.

ಆಟಕ್ಕಾಗಿ ಈ ವಿದ್ಯೆಯನ್ನು ಹಿಡಿದವರು ಹವ್ಯಾಸಿಗಳು. ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಸೋದರರು 1937ರಲ್ಲಿ ರೇಡಿಯೊ ಮೂಲಕ ಮಾದರಿ ವಿಮಾನವನ್ನು ಹಾರಿಸಿದರು. ಆ ವಿಮಾನ ಈಗ ಸ್ಮಿತ್‌ಸೋನಿಯನ್ ಸಂಗ್ರಹಾಲಯಕ್ಕೆ ಸೇರಿದೆ. ಆ ಕಾಲದ ಉಪಕರಣಗಳು ಭಾರವಾಗಿದ್ದವು, ಕೈಕೊಡುತ್ತಲೂ ಇದ್ದವು. ಟ್ರಾನ್ಸಿಸ್ಟರು ಬಂದ ಮೇಲಷ್ಟೇ ಅವು ಅಂಗೈಯಗಲದ ವಾಹನದೊಳಗೆ ಹಿಡಿಸುವಂತಾದವು.

ಇನ್ನು ಲಾರಿಯ ಕಥೆಗೆ ಬರಬೇಕಾದರೆ ಜಪಾನಿಗೆ ಹೋಗಬೇಕು. ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ ತರಗತಿಯ ಮಟ್ಟಿಗೆ ಜಪಾನಿನ ಕಥೆ 1945ರ ಆಗಸ್ಟ್ ತಿಂಗಳಲ್ಲಿ, ಹಿರೋಷಿಮಾ ನಾಗಾಸಾಕಿಗಳ ಬೂದಿಯಲ್ಲಿ ಮುಗಿದುಹೋಗುತ್ತಿತ್ತು. ಅದಕ್ಕೂ ಎರಡು ತಿಂಗಳು ಮೊದಲು, ಜೂನ್ 19ರ ರಾತ್ರಿಯಿಂದ 20ರ ನಸುಕಿನವರೆಗೆ, ಷಿಜುವೊಕಾ ಎಂಬ ಪಟ್ಟಣ ಬಾಂಬುಗಳಿಗೆ ಸಿಕ್ಕಿ ಉರಿದುಹೋದದ್ದು ನಮ್ಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಆ ಊರು ಮರಗೆಲಸಕ್ಕೆ ಹೆಸರುವಾಸಿ. 17ನೆಯ ಶತಮಾನದಲ್ಲಿ ಅಲ್ಲಿನ ದೇಗುಲಗಳನ್ನು ಕಟ್ಟಲು ಬಂದ ಬಡಗಿಗಳೂ ಅರಗಿನ ಕೆಲಸದವರೂ ಅಲ್ಲಿಯೇ ನೆಲೆನಿಂತರೆಂದು ಹೇಳುತ್ತಾರೆ. ಸುಟ್ಟ ಊರಿನಲ್ಲಿ 1946ರಲ್ಲಿ ಯೋಷಿಯೊ ತಾಮಿಯಾ ಎಂಬವರು ಮರದ ವ್ಯಾಪಾರ ಆರಂಭಿಸಿದರು. 1951ರಲ್ಲಿ ಮತ್ತೊಮ್ಮೆ ಬೆಂಕಿ ಬಿದ್ದು ದಾಸ್ತಾನೆಲ್ಲ ಹೋಯಿತು. ಮುಂದೆ ಅವರು ದಿಮ್ಮಿಗಳ ವ್ಯಾಪಾರವನ್ನು ಕೈಬಿಟ್ಟು ಪೂರ್ಣವಾಗಿ ಮರದ ಮಾದರಿಗಳ ತಯಾರಿಕೆಗೆ ತಿರುಗಿದರು. ಕಾಲ ಬದಲಾಗಿ ಪ್ಲಾಸ್ಟಿಕ್ ಬಂದಾಗ, 1960ರಲ್ಲಿ ಹೊರತಂದ ಮೊದಲ ಪ್ಲಾಸ್ಟಿಕ್ ಮಾದರಿ ‘ಯಾಮಾಟೊ’ ಯುದ್ಧನೌಕೆ ನಷ್ಟ ತಂದಿತು. ಅನಂತರದ ಪ್ಯಾಂಥರ್ ಟ್ಯಾಂಕು ಸಂಸ್ಥೆಯನ್ನು ಉಳಿಸಿತು.

ಮಗ ಷುನ್ಸಾಕು ತಾಮಿಯಾ ಅವರ ಕುತೂಹಲ ಅಸಾಧಾರಣವಾದುದು. ಪೋರ್ಷೆ ಕಾರಿನ ಮಾದರಿ ಮಾಡಲೆಂದು ನಿಜವಾದ ಪೋರ್ಷೆಯೊಂದನ್ನೇ ಕೊಂಡು ಬಿಚ್ಚಿ ನೋಡಿದವರು ಅವರು. ಆ ಪರಿಶ್ರಮದ ಫಲವಾಗಿ 1976ರಲ್ಲಿ ಸಂಸ್ಥೆಯ ಮೊದಲ ರೇಡಿಯೊ ಕಂಟ್ರೋಲ್ ಕಾರು ಹೊರಬಂದಿತು. 1981ರಲ್ಲಿ ಬಂದ ಟೊಯೊಟಾ ಪಿಕಪ್ ಟ್ರಕ್ಕಿನ ಮಾದರಿಯನ್ನಂತೂ ಆಟಿಕೆ ಎಂದು ಕರೆಯಲು ನನಗೆ ಮನಸ್ಸಾಗದು. ಏಣಿಯಂಥ ಲೋಹದ ಚಾಸಿ, ಕಮಾನು ಪಟ್ಟಿಗಳು, ಓಡುತ್ತಿರುವಾಗಲೇ ಬದಲಿಸಬಹುದಾದ ಮೂರು ಗೇರುಗಳು! ನಿಜವಾದ ವಾಹನ ಹೇಗೆ ಕೆಲಸ ಮಾಡುತ್ತದೆಯೋ ಹಾಗೆಯೇ ಇದೂ. ಮೊದಲ ಗೇರಿನಲ್ಲಿ ಚಕ್ರ ನಿಧಾನವಾಗಿ ತಿರುಗಿ ಏರನ್ನು ಹತ್ತುವ ಬಲವೇಕೆ ಬರುತ್ತದೆ ಎಂಬುದನ್ನು ಕರಿಹಲಗೆಯ ಮೇಲೆ ಗಂಟೆಗಟ್ಟಲೆ ವಿವರಿಸುವುದಕ್ಕಿಂತ ಇದನ್ನೊಮ್ಮೆ ಮರಳ ಗುಡ್ಡೆ ಹತ್ತಿಸಿ ತೋರಿಸಿದರೆ ಸಾಕು. 1993ರಲ್ಲಿ 1/14 ಅಳತೆಯ ‘ಕಿಂಗ್ ಹಾಲರ್’ ಎಂಬ ದೊಡ್ಡ ಟ್ರಕ್ಕು ಬಂದಿತು. ಷುನ್ಸಾಕು 2025ರಲ್ಲಿ, 90ರ ವಯಸ್ಸಿನಲ್ಲಿ ನಿಧನರಾದರು.

ರೇಡಿಯೊ ಅಲೆಗಳ ವಿಷಯದಲ್ಲಿ ಒಂದು ಮಾತು ಬಾಕಿಯಿದೆ. ಮೊದಲು ಇಂಥ ವಾಹನಗಳು 27 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಬಳಸುತ್ತಿದ್ದುದು ಆರೇ ದಾರಿಗಳನ್ನು. ಒಂದೇ ದಾರಿಯಲ್ಲಿ ಇಬ್ಬರು ಆಡಿದರೆ ಒಬ್ಬನ ಲಾರಿ ಇನ್ನೊಬ್ಬನ ಮಾತು ಕೇಳುತ್ತಿತ್ತು. ಆದ್ದರಿಂದ ಆಂಟೆನಾದ ತುದಿಗೆ ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಬಣ್ಣದ ಪಟ್ಟಿ ಕಟ್ಟಿಕೊಂಡು ಮೈದಾನಕ್ಕೆ ಬರುತ್ತಿದ್ದರು. 2.4 ಗಿಗಾಹರ್ಟ್ಸ್‌ನ ಸಾಧನಗಳು ಬಂದ ಮೇಲೆ ಆ ತೊಂದರೆ ತಪ್ಪಿತು. ಅವುಗಳಲ್ಲಿ ಹಲವು, ಕ್ಷಣಕ್ಷಣಕ್ಕೂ ದಾರಿಯಿಂದ ದಾರಿಗೆ ನೆಗೆಯುತ್ತಿರುತ್ತವೆ. ಹೀಗೆ ನೆಗೆಯುವ ಉಪಾಯಕ್ಕೆ 1942ರಲ್ಲಿ ಪೇಟೆಂಟು ಪಡೆದವರಲ್ಲಿ ಒಬ್ಬಳು ಹಾಲಿವುಡ್ ನಟಿ ಹೆಡಿ ಲಮಾರ್, ಇನ್ನೊಬ್ಬ ಸಂಗೀತ ರಚನಕಾರ ಜಾರ್ಜ್ ಆಂಥೈಲ್. ಆ ಉಪಾಯ ಅವರಿಬ್ಬರಿಗೇ ಹೊಳೆದದ್ದೇನಲ್ಲ. ಆದರೂ ಅವರ ಉದ್ದೇಶವನ್ನು ಗಮನಿಸಿ: ಶತ್ರುವಿಗೆ ಸುಳಿವು ಸಿಗದಂತೆ ಟಾರ್ಪಿಡೊ ನಡೆಸುವುದು. ಟೆಸ್ಲಾ ಅವರ ದೋಣಿ, ಲಮಾರಳ ಟಾರ್ಪಿಡೊ, ಎರಡೂ ಕೊಲ್ಲುವುದಕ್ಕೆಂದು ಯೋಚಿಸಿದವು. ಎರಡರ ಯುಕ್ತಿಯೂ ಇಂದು ಹುಡುಗನೊಬ್ಬನ ಆಟದ ಲಾರಿಯೊಳಗೆ ಬಂದು ಕುಳಿತಿದೆ. ಇದರಿಂದ ಏನು ಪ್ರಯೋಜನವೆಂದು ಕೇಳುವವರು ಆ ಮೊದಲಿನ ‘ಪ್ರಯೋಜನ’ವನ್ನೂ ಒಮ್ಮೆ ನೆನೆಯಲಿ.

ಬಣ್ಣ ಹಚ್ಚುವುದೇ ಒಂದು ಪ್ರತ್ಯೇಕ ವಿದ್ಯೆ. ನನ್ನ ಮೊಮ್ಮಗ ಹಚ್ಚುವಾಗ ಬದಿಯಲ್ಲಿ ಕುಳಿತು ನೋಡಿ ಕಲಿತದ್ದಿದು. ಗಟ್ಟಿ ಪ್ಲಾಸ್ಟಿಕ್ಕಿನ ಕವಚವಾದರೆ ಮೊದಲು ಸೋಪಿನ ನೀರಿನಲ್ಲಿ ತೊಳೆದು ಅಚ್ಚಿನ ಎಣ್ಣೆಯಂಶ ತೆಗೆಯಬೇಕು. ಪ್ರೈಮರ್ ಹೊಡೆದು, ನಯವಾದ ಉಪ್ಪುಕಾಗದದಿಂದ ಉಜ್ಜಿ, ತೆಳುವಾಗಿ ಹಲವು ಬಾರಿ ಬಣ್ಣ ಹೊಡೆಯಬೇಕು. ಮಳೆಗಾಲದ ತೇವದ ಗಾಳಿಯಲ್ಲಿ ಹೊಡೆದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ಪಾಲಿಕಾರ್ಬೊನೇಟಿನ ಪಾರದರ್ಶಕ ಕವಚದ ರೀತಿಯೇ ಬೇರೆ: ಬಣ್ಣ ಒಳಮೈಗೆ. ಹೊರಗೆ ಎಷ್ಟು ಉಜ್ಜಿದರೂ, ಬಿದ್ದರೂ ಬಣ್ಣ ಕೆಡುವುದಿಲ್ಲ. ಆದರೆ ಕೆಲಸದ ಕ್ರಮ ತಿರುವುಮುರುವು. ಮೇಲೆ ಕಾಣಬೇಕಾದ ಗೆರೆ ಮೊದಲು, ಹಿನ್ನೆಲೆ ಕೊನೆಗೆ. ಗಾಢ ಬಣ್ಣ ಮೊದಲು, ತಿಳಿ ಬಣ್ಣ ಆಮೇಲೆ. ಮೈಸೂರಿನ ಹಳೆಯ ಮನೆಗಳಲ್ಲಿ ಗಾಜಿನ ಹಿಂಬದಿಗೆ ಬರೆದ ದೇವರ ಪಟಗಳನ್ನು ಕಂಡವರಿಗೆ ಈ ಕ್ರಮ ಹೊಸತಲ್ಲ. ಅಲ್ಲಿಯೂ ಒಡವೆ, ಕಣ್ಣುಗಳು ಮೊದಲು, ಮೈಬಣ್ಣ ಆಮೇಲೆ.

ಲಾರಿಯನ್ನು ಸಿಂಗರಿಸುವ ಹುಚ್ಚು ನಮ್ಮವರಿಗೆ ಮಾತ್ರವಲ್ಲ. ಜಪಾನಿನಲ್ಲಿ ದೀಪ, ಲೋಹದ ತಗಡು, ಚಿತ್ರಗಳಿಂದ ತೇರಿನಂತೆ ಅಲಂಕರಿಸಿದ ಲಾರಿಗಳಿಗೆ ‘ದೆಕೊತೊರಾ’ ಎಂದು ಹೆಸರು. 1975ರಿಂದ 1979ರವರೆಗೆ ಲಾರಿ ಚಾಲಕರ ಬಗ್ಗೆ ಬಂದ ಹತ್ತು ಚಲನಚಿತ್ರಗಳ ಮಾಲೆಯೊಂದು ಈ ಗೀಳನ್ನು ದೇಶವಿಡೀ ಹಬ್ಬಿಸಿತು. ಷಿಜುವೊಕಾದ ಇನ್ನೊಂದು ಸಂಸ್ಥೆ ಅಂಥ ಲಾರಿಗಳ ಮಾದರಿಗಳನ್ನೂ ಮಾಡಿತು.

ನನ್ನ ಮೊಮ್ಮಗನಿಗೆ ಅಮೆರಿಕದ ಟ್ರಕ್ಕೂ ಬೇಡ, ಜಪಾನಿನದೂ ಬೇಡ. 1/14ರ ಚಾಸಿಯ ಮೇಲೆ ಅವನು ಕಟ್ಟಿದ್ದು ಉರುಟು ಮೂತಿಯ ಹಳೆಯ ಟಾಟಾ-ಬೆಂಜ್. 1954ರಲ್ಲಿ ಡೈಮ್ಲರ್-ಬೆಂಜ್ ಜೊತೆಗಾದ ಒಪ್ಪಂದದಿಂದ ನಮ್ಮ ರಸ್ತೆಗಳಿಗೆ ಬಂದ ಬಗೆಯದು. ಮೂತಿಗೆ ಪ್ಲಾಸ್ಟಿಕ್ ಹಾಳೆ, ಹಿಂದಿನ ಡಬ್ಬಕ್ಕೆ ಮರದ ಪಟ್ಟಿ. ನಿಜವಾದ ಲಾರಿಗಳ ಡಬ್ಬವನ್ನೂ ಬಡಗಿಗಳೇ ಕಟ್ಟುತ್ತಿದ್ದರಲ್ಲವೇ? ಮುಂದಿನ ಬಂಪರಿಗೆ ಮಣಿಗಳಿಂದ ಮಾಡಿದ ನಿಂಬೆಹಣ್ಣು, ಮೆಣಸಿನಕಾಯಿ. ಹಣೆಪಟ್ಟಿಯ ಮೇಲೆ ‘ಶ್ರೀ ಮಂಜುನಾಥ ಪ್ರಸನ್ನ’ ಎಂದು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ದೊಡ್ಡ ಲಾರಿಯಲ್ಲಿ 14 ಸೆಂಟಿಮೀಟರ್ ಎತ್ತರದ ಅಕ್ಷರ ಇಲ್ಲಿ ಒಂದೇ ಸೆಂಟಿಮೀಟರ್. ಅದರೊಳಗೆ ‘ಶ್ರೀ’ಯ ಗುಡಿಸು, ರಾವೊತ್ತು, ದೀರ್ಘ ಎಲ್ಲವೂ ಹಿಡಿಸಬೇಕು. ಕರಿಹಲಗೆಗೆ ಒಗ್ಗಿದ ಕೈ, ‘ಸನ್ನ’ ಎನ್ನುವಲ್ಲಿ ಒತ್ತಕ್ಷರಕ್ಕೆ ಜಾಗ ಸಾಲದೆ ಪಟ್ಟಿಯ ಅಂಚಿನವರೆಗೂ ಇಳಿಯಿತು. ನಿಜವಾದ ಲಾರಿಗಳಲ್ಲೂ ಹಾಗೆಯೇ ಇರುತ್ತದೆ, ಅಳಿಸಬೇಡಿ ತಾತ ಎಂದ.