ವಿಶ್ವವಿದ್ಯಾಲಯದಲ್ಲಿ ಜೈನ ವಿದ್ಯಾರ್ಥಿ ಸಂಘ: ನೋಂದಣಿ ಮತ್ತು ನಿರ್ವಹಣೆ

ದೊಡ್ಡಬಳ್ಳಾಪುರ ತಾಲ್ಲೂಕು ನಾಗದೇನಹಳ್ಳಿಯ ಗೀತಂ ಕ್ಯಾಂಪಸ್ ಇರಲಿ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸುತ್ತಲಿನ ಕಾಲೇಜುಗಳಿರಲಿ, ಹಾಸ್ಟೆಲ್ ಸೇರಿದ ನಮ್ಮ ಮಕ್ಕಳಿಗೆ ಮೊದಲ ವಾರವೇ ಎದುರಾಗುವುದು ಊಟದ ಪ್ರಶ್ನೆ. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡುಗೆ ಬೇಕು, ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಯಬೇಕು. ಒಬ್ಬರೇ ಹೋಗಿ ಕೇಳಿದರೆ "ನೋಡೋಣ" ಎಂಬ ಉತ್ತರ ಸಿಗುತ್ತದೆ. ಮಾನ್ಯತೆ ಪಡೆದ ಸಂಘದ ಪತ್ರವನ್ನು ಹಾಗೆ ಬದಿಗಿಡುವುದು ಕಷ್ಟ.

ಆದರೆ "ನೋಂದಾಯಿತ ಸಂಘ" ಎಂಬ ಮಾತಿಗೆ ಎರಡು ಅರ್ಥಗಳಿವೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಓದುವ ನಮ್ಮ ಮಕ್ಕಳು ಹಾಗೆಂದಾಗ, ಅದು ವಿಶ್ವವಿದ್ಯಾಲಯದ ಪಟ್ಟಿಗೆ ಸೇರಿದ ಸಂಘ ಎಂದಷ್ಟೇ ಅರ್ಥ. ನಮ್ಮಲ್ಲಿ ಆ ಮಾತು ಕೇಳಿದರೆ ಜನ ನೆನೆಯುವುದು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960. ಇದರಡಿ ಕನಿಷ್ಠ 7 ಜನ ಸೇರಿ, ಉದ್ದೇಶಪತ್ರ ಮತ್ತು ನಿಯಮಾವಳಿಯೊಂದಿಗೆ ಸಹಕಾರ ಇಲಾಖೆಯ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಅರ್ಜಿ ಕೊಡಬೇಕು. ಮೊದಲ ವರ್ಷದ ಕೆಲವರಿಗೆ 18 ತುಂಬಿರುವುದಿಲ್ಲ. ಅವರಿಂದ ಸಹಿ ಹಾಕಿಸಬೇಡಿ.

ನೋಂದಣಿ ಮಾಡಿಸುವುದು ಸುಲಭ, ಉಳಿಸಿಕೊಳ್ಳುವುದೇ ಕಷ್ಟ. ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಬೇಕು. ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪರಿಶೋಧನೆಯಾದ ಲೆಕ್ಕಪತ್ರ ಸಲ್ಲಿಸಬೇಕು. ಸೆಮಿಸ್ಟರ್ ಪರೀಕ್ಷೆಯ ನಡುವೆ ಇದು ಮರೆತುಹೋಗುತ್ತದೆ. ಹಾಗಾಗಿ ಒಂದೇ ಕ್ಯಾಂಪಸ್ಸಿನ ಸಂಘಕ್ಕೆ ವಿದ್ಯಾರ್ಥಿ ಕಲ್ಯಾಣ ವಿಭಾಗದ ಲಿಖಿತ ಮಾನ್ಯತೆ ಮತ್ತು ಒಬ್ಬ ಅಧ್ಯಾಪಕ ಸಲಹೆಗಾರರು ಸಾಕು ಎಂಬುದು ನಮ್ಮ ಅಭಿಪ್ರಾಯ. ಹಲವು ಕಾಲೇಜುಗಳು ಕೂಡಿದಾಗ, ಹಳೆಯ ವಿದ್ಯಾರ್ಥಿಗಳು ಜೊತೆಗಿದ್ದಾಗ, ಸ್ವಂತ ನಿಧಿ ಬೆಳೆದಾಗ ಅಧಿನಿಯಮದ ದಾರಿ ಹಿಡಿಯಬಹುದು.

ಸಂಘಗಳು ಮುರಿಯುವುದು ಹೆಚ್ಚಾಗಿ ಹಣದ ವಿಷಯದಲ್ಲೇ. ಚಂದಾ ಹಣ ಖಜಾಂಚಿಯ ಸ್ವಂತ ಫೋನ್‌ಪೇಗೆ ಬಂದರೆ, ಆತ ಎಷ್ಟೇ ಪ್ರಾಮಾಣಿಕನಾದರೂ ಲೆಕ್ಕ ಒಪ್ಪಿಸುವುದು ಕಷ್ಟ. ವಿಭಾಗದ ಖಾತೆಯ ಮೂಲಕವೋ ಸಂಘದ ಹೆಸರಿನ ಜಂಟಿ ಸಹಿಯ ಖಾತೆಯ ಮೂಲಕವೋ ವ್ಯವಹರಿಸಿ, ಪ್ರತಿ ರೂಪಾಯಿಗೂ ರಸೀದಿ ಕೊಡಿ. ದಾನಿಗಳು 80ಜಿ ರಿಯಾಯಿತಿ ಕೇಳುತ್ತಾರೆ. ಸಂಘ ನೋಂದಣಿಯಾದ ಮಾತ್ರಕ್ಕೆ ಅದು ಸಿಗದು, ಆದಾಯ ತೆರಿಗೆ ಇಲಾಖೆಯ ಅನುಮೋದನೆ ಬೇರೆಯೇ ಬೇಕು. ಕೊನೆಯ ವರ್ಷದವರನ್ನು ಖಜಾಂಚಿ ಮಾಡಬೇಡಿ. ಚುನಾವಣೆ ಫೆಬ್ರವರಿಯಲ್ಲಿ ಮುಗಿದರೆ, ಹಳಬರು ಹೊರಡುವ ಮುನ್ನ ಹೊಸಬರಿಗೆ ಪಾಸ್‌ಬುಕ್, ನಡಾವಳಿ ಪುಸ್ತಕ, ಮಿಂಚಂಚೆಯ ಪಾಸ್‌ವರ್ಡ್ ಒಪ್ಪಿಸಲು ಸಮಯವಿರುತ್ತದೆ.

ಇನ್ನೊಂದು ಸೂಕ್ಷ್ಮ ವಿಷಯ. ಬೆಂಗಳೂರಿನ ಸುತ್ತ ಕನ್ನಡ ಮನೆಮಾತಿನ ದಿಗಂಬರರೂ ಮಾರ್ವಾಡಿ, ಗುಜರಾತಿ ಮನೆಮಾತಿನ ಶ್ವೇತಾಂಬರರೂ ಒಂದೇ ಹಾಸ್ಟೆಲಿನಲ್ಲಿರುತ್ತಾರೆ. ಶ್ವೇತಾಂಬರರ ಪರ್ಯೂಷಣ 8 ದಿನ, ದಿಗಂಬರರ ದಶಲಕ್ಷಣ 10 ದಿನ. ಎರಡರ ದಿನಾಂಕಗಳನ್ನೂ ವರ್ಷದ ಆರಂಭದಲ್ಲೇ ಪರೀಕ್ಷಾ ವಿಭಾಗಕ್ಕೂ ಮೆಸ್ಸಿಗೂ ಬರೆದುಕೊಡಿ. ವಾಟ್ಸಾಪ್ ಗುಂಪಿನಲ್ಲಿ ಬರೀ ಹಿಂದಿಯಲ್ಲಿ ಸೂಚನೆ ಹಾಕಿದರೆ ಕನ್ನಡದ ಮಕ್ಕಳು ಸದ್ದಿಲ್ಲದೆ ದೂರವಾಗುತ್ತಾರೆ.

ಹಬ್ಬಗಳಾಚೆಯ ಕೆಲಸಕ್ಕೆ ಜಿಲ್ಲೆಯಲ್ಲೇ ಜಾಗವಿದೆ. ನೆಲಮಂಗಲ ತಾಲ್ಲೂಕಿನ ಮಣ್ಣೆ ಗಂಗರ ಕಾಲದ ಮಾನ್ಯಪುರ. ಸೇನಾಪತಿ ಶ್ರೀವಿಜಯ ಅಲ್ಲಿ ಜಿನಾಲಯ ಕಟ್ಟಿಸಿದ್ದನ್ನು ಕ್ರಿ.ಶ. 797ರ ತಾಮ್ರಶಾಸನ ತಿಳಿಸುತ್ತದೆ. ಒಂದು ಭಾನುವಾರದ ಪ್ರವಾಸಕ್ಕೆ ಹೇಳಿ ಮಾಡಿಸಿದ ಊರು. ಊಟ ಮಾತ್ರ ಕಟ್ಟಿಕೊಂಡು ಹೋಗಬೇಕು.