ಯಾವ ತಿಪ್ಪೇಸ್ವಾಮಿ?

ಉಳ್ಳಾರ್ತಿ ಕಾವಲ್ ಸುತ್ತಲಿನ ಯಾವುದಾದರೂ ಹಟ್ಟಿಯಲ್ಲಿ ನಿಂತು 'ತಿಪ್ಪೇಸ್ವಾಮೀ' ಅಂತ ಕೂಗಿ ನೋಡಿ, ನಾಲ್ಕು ಜನ ತಿರುಗ್ತಾರೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಸೀಮೆ ಇದು. ಉಳಿದವರು ಓಬಯ್ಯ, ಬೋರಯ್ಯ, ಪಾಲಯ್ಯ. ಊರಿನವರಿಗೇನೂ ಗೊಂದಲವಿಲ್ಲ. 'ಯಾವ ತಿಪ್ಪೇಸಾಮಿ? ಬಾವಿ ಮನೆಯವನಾ, ಬೋರಣ್ಣನ ಮಗನಾ?' ಅಂದ್ರೆ ಮುಗೀತು. ಕಂಪ್ಯೂಟರಿಗೆ ಹಾಗೆ ಕೇಳೋಕೆ ಬರೋದಿಲ್ಲ.

ಈ ತಲೆನೋವು ಹಳೆಯದು. ಹುಟ್ಟಿನಿಂದ ಸಾವಿನವರೆಗಿನ ದಾಖಲೆಗಳನ್ನು ಒಂದೇ ಪುಸ್ತಕದಂತೆ ಜೋಡಿಸುವ ಮಾತನ್ನು ಅಮೆರಿಕದ ಹಾಲ್ಬರ್ಟ್ ಡನ್ 1946ರಲ್ಲೇ ಆಡಿದ್ದರು. ಅದನ್ನು ಕಂಪ್ಯೂಟರಿನಿಂದ ಮಾಡಿಸಿದ್ದು ಕೆನಡಾದ ಅಣುಶಕ್ತಿ ಸಂಸ್ಥೆಯಲ್ಲಿದ್ದ ಹೊವಾರ್ಡ್ ನ್ಯೂಕೋಂಬ್, 1959ರಲ್ಲಿ. (ನಮ್ಮ ಕಾವಲಿನಲ್ಲೂ ಈಗ ಅಣು ಸಂಶೋಧನಾ ಕೇಂದ್ರದ ಜಾಗ ಇದೆ ಅನ್ನೋದು ಕಾಕತಾಳೀಯ.) 1969ರಲ್ಲಿ ಫೆಲೆಗಿ ಮತ್ತು ಸಂಟರ್ ಇದಕ್ಕೆ ಗಣಿತ ಬರೆದರು. ಅಪರೂಪದ ಹೆಸರು ಎರಡು ಕಡೆ ಹೊಂದಿದರೆ ಹೆಚ್ಚು ಅಂಕ, ಎಲ್ಲರಿಗೂ ಇರುವ ಹೆಸರು ಹೊಂದಿದರೆ ಕಡಿಮೆ. ಅಂದ್ರೆ ಚಳ್ಳಕೆರೆಯಲ್ಲಿ ತಿಪ್ಪೇಸ್ವಾಮಿ ಅನ್ನೋ ಹೆಸರಿಗೆ ಅಂಕವೇ ಸಿಗಬಾರದು! ಹುಟ್ಟಿದ ದಿನ ನೋಡೋಣವೇ? ನಮ್ಮ ಜನನ ಮರಣ ನೋಂದಣಿ ಕಾಯ್ದೆ ಬಂದದ್ದೂ 1969ರಲ್ಲೇ. ಅದಕ್ಕೂ ಮುಂಚೆ ಹುಟ್ಟಿದ ಎಷ್ಟೋ ಹಿರಿಯರು ಆಧಾರ್ ಪ್ರಕಾರ ಜನವರಿ 1ರಂದು ಹುಟ್ಟಿದವರು.

2021ರ ಸೆಪ್ಟೆಂಬರ್ 27ರಂದು ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 14 ಅಂಕಿಯ ಆಭಾ ಸಂಖ್ಯೆಯಿಂದ ಈ ಗಂಟು ಬಿಡಿಸಲು ಹೊರಟಿತು. ದಾಖಲೆ ಆಯಾ ಆಸ್ಪತ್ರೆಯಲ್ಲೇ ಇರುತ್ತೆ. ಬೇರೆಯವರು ಕೇಳಿದರೆ, ಯಾತಕ್ಕೆ, ಎಷ್ಟು ದಿನಕ್ಕೆ ಅಂತ ನೋಡಿ ರೋಗಿ ಒಪ್ಪಬೇಕು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿಯಲ್ಲಿ. ಎಂಜಿನಿಯರ್ ಆಗಿ ನನಗೆ ಈ ವಿನ್ಯಾಸ ಇಷ್ಟ.

ಆದರೆ ನಮ್ಮ ದೊಡ್ಡಪ್ಪನ ಓಟಿಪಿ ಬರೋದು ನನ್ನ ಮೊಬೈಲಿಗೆ. ಕಣ್ಣಿನ ಆಪರೇಷನ್ನಿಗೆ ಹೋದಾಗ ಆಸ್ಪತ್ರೆಯ ಕೌಂಟರಿನಿಂದ ಫೋನ್ ಬಂತು. ಮೀಟಿಂಗ್ ನಡುವೆಯೇ ಆರಂಕಿ ಹೇಳಿಬಿಟ್ಟೆ. ಸಂಜೆ ನೋಡಿದರೆ ಅವರ ಕಡತದಲ್ಲಿ ಇನ್ನೊಬ್ಬ ತಿಪ್ಪೇಸ್ವಾಮಿಯ ಸಕ್ಕರೆ ಕಾಯಿಲೆಯ ಮಾತ್ರೆಗಳು ಸೇರಿಕೊಂಡಿದ್ದವು. ಹೆಸರು ಒಂದೇ, ಜನವರಿ 1 ಒಂದೇ. ಪುಣ್ಯಕ್ಕೆ ನರ್ಸೊಬ್ಬರು ಗಮನಿಸಿದ್ದರು.

'ಅಲ್ಲಪ್ಪಾ, ಏನಂತ ಒಪ್ಕೊಂಡೆ ನೀನು?' ಅಂದರು ದೊಡ್ಡಪ್ಪ. ನನ್ನಲ್ಲಿ ಉತ್ತರ ಇರಲಿಲ್ಲ.

ಈಗ ಅಂಕಿ ಹೇಳುವ ಮುಂಚೆ ಅವರ ಕೈಗೆ ಫೋನ್ ಕೊಡಿ ಅಂತೀನಿ. ಕೌಂಟರಿನವರಿಗೆ ಕಿರಿಕಿರಿ. ದೊಡ್ಡಪ್ಪ ಮಾತ್ರ ಎಲ್ಲ ಕೇಳಿಸಿಕೊಂಡು, 'ಯಾವ ತಿಪ್ಪೇಸಾಮೀದು ಅಂತ ಮೊದ್ಲು ನೋಡ್ಕಳ್ಳಿ' ಅಂತಾರೆ.